ಸುಮ್ಮನೆ ಕೂರುವುದಕ್ಕೆ ಎಷ್ಟು?

ಸಂಜೆ ಆರೂಕಾಲರ ಬಸ್ಸಿನಲ್ಲಿ ಬಿ.ಸಿ.ರೋಡಿನಿಂದ ಹೊರಡುವವರಲ್ಲಿ ಹೆಚ್ಚಿನವರು ಕೆಲಸ ಮುಗಿಸಿ ಮನೆ ಸೇರುವ ಅವಸರದಲ್ಲಿರುವವರು. ಅಕ್ಕ ಮಾತ್ರ ಮನೆಯಿಂದ ಕೆಲಸಕ್ಕೆ ಹೊರಟವರು. ಕೈಯಲ್ಲೊಂದು ಬಟ್ಟೆಯ ಚೀಲ. ಅದರಲ್ಲಿ ಟಾರ್ಚು, ಹೊದೆಯುವ ಬಟ್ಟೆ, ಬುತ್ತಿ ಮತ್ತು ಮಗಳ ಹಳೆಯ ನೋಟುಪುಸ್ತಕ. ಕಂಡಕ್ಟರನಿಗೆ ಗುರುತಿನ ಮುಖವಾದ್ದರಿಂದ ಎಲ್ಲಿಗೆಂದು ಕೇಳುವುದಿಲ್ಲ. ಪಕ್ಕದಲ್ಲಿ ಕೂತವರು ಕೇಳುತ್ತಾರೆ. "ಎಲ್ಲಿ ಕೆಲಸ?" ಎಂದರೆ ಅಕ್ಕ ಊರು ಹೇಳುತ್ತಾರೆ. "ಎಂತ ಕೆಲಸ?" ಎಂದರೆ ಮಾತ್ರ ಸ್ವಲ್ಪ ತಡವರಿಸುತ್ತಾರೆ. ಅಡಿಗೆಯಲ್ಲ, ಗುಡಿಸುವುದಲ್ಲ, ನರ್ಸಮ್ಮನೂ ಅಲ್ಲ. ಕೊನೆಗೆ, "ಒಬ್ಬರು ಅಮ್ಮ ಇದ್ದಾರೆ, ರಾತ್ರಿ ಅವರ ಜತೆಗೆ ಇರ್ಲಿಕ್ಕೆ" ಎನ್ನುತ್ತಾರೆ. ಕೇಳಿದವರು "ಓ, ಅಷ್ಟೆಯಾ!" ಎಂದು ಕಿಟಕಿಯ ಕಡೆ ತಿರುಗುತ್ತಾರೆ.

ಆ 'ಅಷ್ಟೆಯಾ' ಎಂಬ ಮಾತಿಗೆ ಎಷ್ಟು ಬೆಲೆ ಕಟ್ಟಬೇಕೆನ್ನುವುದೇ ಈ ಕಥೆ.

ಅಕ್ಕನ ಮನೆ ಗುಡ್ಡದ ಮೇಲಿನ ಐದು ಸೆಂಟ್ಸ್ ಜಾಗದಲ್ಲಿದೆ. ಇಪ್ಪತ್ತೆರಡು ವರ್ಷ ಬೀಡಿ ಕಟ್ಟಿದ ಕೈ ಅವರದು. ಬಂಟ್ವಾಳದ ಕಡೆ ಗೆರಸೆಯನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂತ ಹೆಂಗಸರನ್ನು ನೋಡದವರು ಯಾರು? ಎಲೆ ಕತ್ತರಿಸಿ, ಹೊಗೆಸೊಪ್ಪಿನ ಹುಡಿ ತುಂಬಿ, ಸುರುಟಿ, ನೂಲು ಸುತ್ತಿ ದಿನಕ್ಕೆ ಏಳುನೂರು ಬೀಡಿ ಕಟ್ಟಿದರೆ ಅಕ್ಕನ ಕೈಗೆ ಬರುವುದು ಇನ್ನೂರು ರೂಪಾಯಿಯ ಒಳಗೆ. ಗಂಡ ತೀರಿಹೋಗಿ ಒಂಬತ್ತು ವರ್ಷವಾಯಿತು. ಮಗಳು ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ. ಆಕೆಗೆ ಮುಂದೆ ಬಿ.ಎಸ್ಸಿ. ನರ್ಸಿಂಗ್ ಓದುವಾಸೆ. ಗೆರಸೆಯ ಲೆಕ್ಕದಲ್ಲಿ ಆ ಆಸೆ ಹಿಡಿಸುವುದಿಲ್ಲ. ಹಾಗಾಗಿ ಪರಿಚಯದವರೊಬ್ಬರು ನೇತ್ರಾವತಿಯ ಬದಿಯ ತೋಟದ ಮನೆಯೊಂದರಲ್ಲಿ ರಾತ್ರಿಗೆ ಜನ ಬೇಕಂತೆ ಎಂದಾಗ ಅಕ್ಕ ಒಪ್ಪಿದರು. ದರ ಹೇಳಿದ್ದೂ ಆ ಪರಿಚಯದವರೇ. ಒಂದು ರಾತ್ರಿಗೆ ಮುನ್ನೂರು ರೂಪಾಯಿ.

ತೋಟದ ಮನೆಯ ಅಜ್ಜಿಗೆ 84 ವರ್ಷ. ಯಜಮಾನರು ತೀರಿಕೊಂಡು ಆರು ವರ್ಷ. ಮಗ ಮಸ್ಕತ್ತಿನಲ್ಲಿ ಇಂಜಿನಿಯರು, ಮಗಳು ಮೂಡುಬಿದಿರೆಯಲ್ಲಿ. ಹಗಲಿಗೆ ಅಡಿಗೆಯವಳು ಬಂದು ಹೋಗುತ್ತಾಳೆ, ತೋಟದ ಆಳುಗಳಿರುತ್ತಾರೆ. ಸಂಜೆ ಆರರ ಬಳಿಕ ಹನ್ನೆರಡು ಕಂಬದ ಆ ಮನೆಯಲ್ಲಿ ಉಳಿಯುವುದು ಅಜ್ಜಿ, ಒಂದು ನಾಯಿ ಮತ್ತು ಗೋಡೆ ಗಡಿಯಾರ. ಇಂಥ ಮನೆಗಳು ಈಗ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಗ್ರಾಮಕ್ಕೆ ಹತ್ತು ಸಿಕ್ಕಾವು. ಮಕ್ಕಳನ್ನು ಚೆನ್ನಾಗಿ ಓದಿಸಿದ ಮನೆಗಳೇ ಮೊದಲು ಖಾಲಿಯಾದವು. ಇದು ಯಾರ ತಪ್ಪೂ ಅಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಅಜ್ಜಿ ಎದ್ದಾಗ ದೀಪದ ಸ್ವಿಚ್ಚು ಹಾಕಲು ಒಬ್ಬರು ಬೇಕಾಗುತ್ತದೆ. ಹೆತ್ತವರ ಜೀವನಾಂಶದ ಹೊಣೆ ಮಕ್ಕಳದೆಂದು 2007ರ ಕಾಯಿದೆ ಹೇಳುತ್ತದೆ. ಎರಡು ಗಂಟೆಗೆ ಯಾರು ಎದ್ದೇಳಬೇಕೆಂದು ಯಾವ ಕಾಯಿದೆಯೂ ಹೇಳಲಾರದು.

ಮೊದಲ ವಾರ ಕಳೆದಾಗ ಹುಡುಗಿ ತಾಯಿಯನ್ನು ಕೇಳಿದಳು, "ಅಲ್ಲಿ ಎಂತ ಮಾಡ್ತೀ ಅಮ್ಮ?"

"ಎಂತದೂ ಇಲ್ಲ. ಕೂತುಕೊಳ್ಳುವುದು. ಅವರು ಎದ್ದರೆ ಏಳುವುದು."

ಹುಡುಗಿ ನಕ್ಕಳು. "ಭೌತಶಾಸ್ತ್ರದ ಪ್ರಕಾರ ನೀನು ಮಾಡುವುದು ಸೊನ್ನೆ ಕೆಲಸ. ಬಲ ಇದ್ದರೂ ವಸ್ತು ಜರುಗದಿದ್ದರೆ ಕೆಲಸ ಸೊನ್ನೆ."

ಪುಸ್ತಕದ ಮಾತು ಸುಳ್ಳಲ್ಲ. ಬಲವನ್ನು ಸ್ಥಾನಪಲ್ಲಟದಿಂದ ಗುಣಿಸಿದರೆ ಕೆಲಸ. ಸ್ಥಾನಪಲ್ಲಟವೇ ಇಲ್ಲದಿದ್ದರೆ ಉತ್ತರ ಸೊನ್ನೆ. ಆದರೆ ಅದೇ ಪುಸ್ತಕದ ಪಕ್ಕದಲ್ಲಿರುವ ಜೀವಶಾಸ್ತ್ರ ಬೇರೆ ಮಾತು ಹೇಳುತ್ತದೆ. ಸುಮ್ಮನೆ ಕೂತ ಮನುಷ್ಯನ ದೇಹವೂ ಹಳೆಯ ಕಾಲದ ನೂರು ವ್ಯಾಟ್ ಬಲ್ಬಿಗೆ ಹತ್ತಿರ ಹತ್ತಿರ ಶಕ್ತಿಯನ್ನು ಖರ್ಚು ಮಾಡುತ್ತಿರುತ್ತದೆ. ಎಚ್ಚರವಾಗಿರಬೇಕೆಂಬ ಕಾಳಜಿಯಲ್ಲಿ ಅರೆನಿದ್ದೆ ಮಾಡಿದ ಮೆದುಳು ಮರುದಿನ ಆ ಸಾಲವನ್ನು ವಸೂಲು ಮಾಡಿಯೇ ತೀರುತ್ತದೆ. ಅಕ್ಕನ ವಿಷಯದಲ್ಲಿ ಆ ವಸೂಲಿ ಬೀಡಿಯಲ್ಲಾಯಿತು. ಬೆಳಿಗ್ಗೆ ಮನೆಗೆ ಬಂದು ಮಲಗಿದರೆ ಹನ್ನೊಂದಕ್ಕೆ ಏಳುವುದು. ಏಳುನೂರು ಕಟ್ಟುತ್ತಿದ್ದ ಕೈ ಮುನ್ನೂರೈವತ್ತಕ್ಕೆ ನಿಂತಿತು.

ಅಜ್ಜಿಯ ಮನೆಯಲ್ಲಿ ನಿಜಕ್ಕೂ ನಡೆಯುತ್ತಿದ್ದುದೇನು? ಹುಡುಗಿಗೆ ಕುತೂಹಲ. "ಲ್ಯಾಬ್ ರೆಕಾರ್ಡಿನ ಹಾಗೆ ಬರೆದಿಡು ಅಮ್ಮ. ನೋಡಿದ್ದು ಮಾತ್ರ ಬರಿ, ಅನಿಸಿದ್ದು ಬರಿಬೇಡ" ಎಂದು ತನ್ನ ಹಳೆಯ ನೋಟುಪುಸ್ತಕದ ಉಳಿದ ಹಾಳೆಗಳನ್ನು ಕೊಟ್ಟಳು. ಮನೆಯಲ್ಲಿ ಮಾತೆಲ್ಲ ತುಳುವಿನಲ್ಲಿ. ಲೆಕ್ಕ ಮಾತ್ರ ಕನ್ನಡದಲ್ಲಿ. ಏಳನೆಯ ತರಗತಿಗೆ ನಿಂತ ಅಕ್ಕನ ಅಕ್ಷರ ಉರುಟಾಗಿಯೇ ಇತ್ತು.

"12.40 - ಎದ್ದರು. ಬಾತ್‌ರೂಮು. 2.10 - ಎದ್ದರು. ನೀರು ಕುಡಿದರು. ನೆರೆಯ ಕಥೆ. 3.00 - ಮಲಗಿದರು. 4.50 - ಎದ್ದರು. ನಾಯಿ ಕೂಗಿದ್ದಕ್ಕೆ ಹೆದರಿದರು. ಕೈ ಹಿಡಿದೆ."

ತಿಂಗಳು ಮುಗಿದಾಗ 26 ರಾತ್ರಿಗಳಲ್ಲಿ ಅಜ್ಜಿ ಎದ್ದದ್ದು 61 ಸಲ. ಬಿದ್ದದ್ದು ಒಮ್ಮೆಯೂ ಇಲ್ಲ.

ಈ ಕೊನೆಯ ಸೊನ್ನೆಯನ್ನು ಮಕ್ಕಳು ಗಮನಿಸಬೇಕು. ಮಲಗಿದ ಮನುಷ್ಯ ತಟ್ಟನೆ ಎದ್ದು ನಿಂತರೆ ರಕ್ತ ಗುರುತ್ವಕ್ಕೆ ಸೋತು ಕಾಲಿನ ಕಡೆಗಿಳಿಯುತ್ತದೆ. ಎಳೆಯರಲ್ಲಿ ರಕ್ತನಾಳಗಳು ಕ್ಷಣಮಾತ್ರದಲ್ಲಿ ಬಿಗಿದುಕೊಂಡು, ಹೃದಯ ಬಡಿತ ಹೆಚ್ಚಿಸಿ ಮೆದುಳಿನ ಪಾಲನ್ನು ಕಾಪಾಡುತ್ತವೆ. ವಯಸ್ಸಾದಂತೆ ಈ ಹೊಂದಾಣಿಕೆ ನಿಧಾನವಾಗುತ್ತದೆ. ಆ ನಾಲ್ಕು ಸೆಕೆಂಡಿನ ಕಣ್ಣುಕತ್ತಲೆಯಲ್ಲೇ ಅಜ್ಜಿ-ಅಜ್ಜಂದಿರು ಬೀಳುವುದು, ಸೊಂಟದ ಮೂಳೆ ಮುರಿಯುವುದು. ಎದ್ದ ಮೇಲೆ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಒಂದು ನಿಮಿಷ ಕೂತು, ಆಮೇಲೆ ನಿಲ್ಲಬೇಕು. ಆಸ್ಪತ್ರೆಯಲ್ಲಿ ಯಾರೋ ಹೇಳಿದ್ದನ್ನು ಅಕ್ಕ ಕೇಳಿಸಿಕೊಂಡಿದ್ದರು. 61 ಸಲವೂ ಆ ಒಂದು ನಿಮಿಷ ಅಜ್ಜಿಯನ್ನು ಮಾತಾಡಿಸಿ ಕೂರಿಸಿದ್ದೇ ಅವರ ಕೆಲಸ. ನಡೆಯದೇ ಹೋದ ಅನಾಹುತಕ್ಕೆ ಬಿಲ್ಲು ಬರೆಯುವುದು ಕಷ್ಟ. ಕಂಡದ್ದಕ್ಕೆ ಬೆಲೆ ಕಟ್ಟಿ ಅಭ್ಯಾಸವಾದ ನಮ್ಮ ಲೋಕಕ್ಕೆ ಕಾಣದ್ದು ಯಾವಾಗಲೂ ಅಗ್ಗ.

ತಿಂಗಳ ಕೊನೆಯ ಭಾನುವಾರ ತಾಯಿ ಮಗಳು ಚಿಮಣಿಯಂಥ ಒಂದು ಬಲ್ಬಿನ ಕೆಳಗೆ ಲೆಕ್ಕಕ್ಕೆ ಕೂತರು. ಹುಡುಗಿಯೇ ಗೆರೆ ಎಳೆದಳು.

ಮೊದಲನೆಯದು ತಪ್ಪಿದ ಬೀಡಿ. ಮುನ್ನೂರೈವತ್ತು ಬೀಡಿಯ ಮಜೂರಿ, ರೂ. 95.

ಎರಡನೆಯದು ದಾರಿ. 2023ರ ಜೂನಿನಿಂದ ಸರಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೇಟಿಲ್ಲವೆಂಬುದು ನಿಜ. ಆದರೆ ಆ ಒಳರಸ್ತೆಗೆ ಹೋಗುವುದು ಖಾಸಗಿ ಬಸ್ಸು. ಹೋಗಲು 15, ಬರಲು 15. ಬಸ್ಸಿಳಿದ ಮೇಲೆ ತೋಟಕ್ಕೆ ಒಂದೂವರೆ ಕಿಲೋಮೀಟರ್. ಬೆಳಿಗ್ಗೆ ಬೆಳಕಿರುತ್ತದೆ, ನಡೆಯಬಹುದು. ಸಂಜೆ ರಿಕ್ಷಾಕ್ಕೆ 40. ಒಟ್ಟು ರೂ. 70.

ಹುಡುಗಿ ಇಲ್ಲಿ ಗೆರೆ ಹಾಕಿ ಕೂಡಿಸಿದಳು. 165. ಅಂದರೆ ಒಂದು ರೂಪಾಯಿಯೂ ದುಡಿಯದೆ, ಬರೀ ಇದ್ದಲ್ಲೇ ಇರಲು ಬೇಕಾದದ್ದು ಇಷ್ಟು. ಮುನ್ನೂರರಲ್ಲಿ ಇದನ್ನು ಕಳೆದರೆ ಉಳಿಯುವುದು 135. ಹನ್ನೆರಡು ಗಂಟೆಗೆ ಹಂಚಿದರೆ ಗಂಟೆಗೆ ಹನ್ನೊಂದು ರೂಪಾಯಿ ಇಪ್ಪತ್ತೈದು ಪೈಸೆ.

"ಒಂದು ಪ್ಲೇಟು ಗೋಳಿಬಜೆಯೂ ಬರುವುದಿಲ್ಲ ಅಮ್ಮ" ಎಂದಳು ಹುಡುಗಿ. ಅಕ್ಕ ಮಾತಾಡಲಿಲ್ಲ. ಒಂದು ತಿಂಗಳಿಂದ ತಾನು ಲಾಭದಲ್ಲಿದ್ದೇನೆ ಎಂದುಕೊಂಡಿದ್ದರು ಅವರು.

ಮೂರನೆಯದು ರಾತ್ರಿಯ ಮಜೂರಿ. ಇದಕ್ಕೆ ಬಹಳ ಹೊತ್ತು ಹಿಡಿಯಿತು. ಅಡಿಕೆ ತೋಟದ ಹಗಲು ಕೆಲಸಕ್ಕೆ ಹೆಂಗಸರಿಗೆ ಸಿಗುವುದಕ್ಕಿಂತ ಸ್ವಲ್ಪ ಕಡಿಮೆ ಇರಲಿ, ಯಾಕೆಂದರೆ ನಡುವೆ ನಿದ್ದೆಯೂ ಉಂಟಲ್ಲ ಎಂದರು ಅಕ್ಕ. ರೂ. 350 ಎಂದು ಬರೆದರು.

ನಾಲ್ಕನೆಯದು ಖಾಲಿ ರಾತ್ರಿಗಳು. ಅಜ್ಜಿ ತಿಂಗಳಿಗೆ ನಾಲ್ಕೈದು ದಿನ ಮೂಡುಬಿದಿರೆಯ ಮಗಳ ಮನೆಗೆ ಹೋಗುತ್ತಾರೆ. ಆ ದಿನಗಳಲ್ಲಿ ಅಕ್ಕನಿಗೆ ಆ ಕೆಲಸವಿಲ್ಲ, ಆದರೆ ಹೊಟ್ಟೆಯಿದೆ. ಮೂವತ್ತು ದಿನ ಬದುಕುವುದನ್ನು ಇಪ್ಪತ್ತೈದು ರಾತ್ರಿ ದುಡಿಯಬೇಕು. 350ನ್ನು ಮೂವತ್ತರಿಂದ ಗುಣಿಸಿ ಇಪ್ಪತ್ತೈದರಿಂದ ಭಾಗಿಸಿದರೆ 420. ಆದ್ದರಿಂದ ರೂ. 70 ಹೆಚ್ಚು.

ಹುಡುಗಿಗೆ ಗೊತ್ತಿರಲಿಲ್ಲ, ಈ ಲೆಕ್ಕವನ್ನು ಅರ್ಥಶಾಸ್ತ್ರದ ಪಿತಾಮಹನೆನಿಸಿದ ಆಡಂ ಸ್ಮಿತ್ 1776ರಲ್ಲಿ ಪ್ರಕಟಿಸಿದ 'ರಾಷ್ಟ್ರಗಳ ಸಂಪತ್ತು' ಎಂಬ ತನ್ನ ಗ್ರಂಥದಲ್ಲೇ ಮಾಡಿಟ್ಟಿದ್ದಾನೆ. ಒಂದೊಂದು ಕೆಲಸಕ್ಕೆ ಒಂದೊಂದು ಮಜೂರಿ ಏಕೆ ಎಂಬುದಕ್ಕೆ ಅವನು ಐದು ಕಾರಣ ಕೊಡುತ್ತಾನೆ. ಕೆಲಸ ಹಿತವೋ ಅಹಿತವೋ; ಕಲಿಯುವುದು ಸುಲಭವೋ ಕಷ್ಟವೋ; ಸತತವಾಗಿ ಸಿಗುತ್ತದೋ ಇಲ್ಲವೋ; ಕೆಲಸದವನ ಮೇಲೆ ಎಷ್ಟು ನಂಬಿಕೆ ಇಡಬೇಕು; ಆ ವೃತ್ತಿಯಲ್ಲಿ ಗೆಲ್ಲುವ ಸಂಭವ ಎಷ್ಟು. ಹಿಮ ಬೀಳುವ ದಿನ ಗಾರೆಯವನಿಗೆ ಕೆಲಸವಿಲ್ಲ, ಹಾಗಾಗಿ ಕೆಲಸವಿರುವ ದಿನ ಅವನು ಖಾಲಿ ದಿನಗಳನ್ನೂ ದುಡಿದುಕೊಳ್ಳಬೇಕೆನ್ನುತ್ತಾನೆ. ಸ್ಕಾಟ್ಲೆಂಡಿನ ಹಿಮ ಇಲ್ಲಿ ಮೂಡುಬಿದಿರೆಯ ಬಸ್ಸಾಯಿತು, ಅಷ್ಟೇ ವ್ಯತ್ಯಾಸ. ಅಕ್ಕಸಾಲಿಗನಿಗೂ ವೈದ್ಯನಿಗೂ ಹೆಚ್ಚು ಕೊಡುವುದು ಚಿನ್ನವನ್ನೂ ಜೀವವನ್ನೂ ನಂಬಿ ಅವರ ಕೈಗೊಪ್ಪಿಸುವುದರಿಂದ ಎಂಬುದೂ ಅವನ ಮಾತು. ಅಜ್ಜಿಯ ಮನೆಯ ಕಪಾಟಿನ ಬೀಗದ ಕೈ ಅಕ್ಕನ ತಲೆಯ ಹತ್ತಿರದ ಮೊಳೆಯಲ್ಲೇ ತೂಗುತ್ತಿತ್ತು. ಆ ಸಾಲನ್ನು ಬರೆಯುವುದಕ್ಕೆ ಅಕ್ಕ ಒಪ್ಪಲಿಲ್ಲ. "ಕದಿಯದೆ ಇರುವುದಕ್ಕೆ ದುಡ್ಡು ಕೇಳುವುದಾ?" ಎಂದುಬಿಟ್ಟರು.

ಐದನೆಯದು ಕಾಯಿಲೆ ಮತ್ತು ನಾಳೆ. ಬೀಡಿಯಲ್ಲಿ ಮಜೂರಿ ಕಡಿಮೆಯಿದ್ದರೂ ಅದಕ್ಕೊಂದು ಕಾರ್ಡು ಉಂಟು, ಭವಿಷ್ಯನಿಧಿ ಉಂಟು, 1976ರ ಕಲ್ಯಾಣನಿಧಿ ಕಾಯಿದೆಯಿಂದಾಗಿ ಮಕ್ಕಳಿಗೆ ವಿದ್ಯಾರ್ಥಿವೇತನವೂ ಉಂಟು. ಅಕ್ಕ ಬೀಡಿಯನ್ನು ಪೂರ್ತಿ ಬಿಡದಿರುವುದು ಇದಕ್ಕಾಗಿಯೇ. ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಪಡಿಸಿದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು, ಅದು 2004ರಲ್ಲಿ. ಆದರೆ ಒಬ್ಬರ ಮನೆಯ ಜಗಲಿಯಲ್ಲಿ ಬಾಯಿಮಾತಿನಲ್ಲಿ ಕುದುರುವ ವ್ಯವಹಾರಕ್ಕೆ ಕಾರ್ಡೂ ಇಲ್ಲ, ನಿಧಿಯೂ ಇಲ್ಲ. ಜ್ವರ ಬಂದ ದಿನಕ್ಕೆ, ಮುಪ್ಪು ಬರುವ ದಿನಕ್ಕೆ ರೂ. 30.

ಒಟ್ಟು 615. "ಆರುನೂರು ಸಾಕು" ಎಂದರು ಅಕ್ಕ. ಹಾಳೆಯ ಕೆಳಗೆ ಹುಡುಗಿ ಇನ್ನೊಂದು ಪಟ್ಟಿ ಬರೆಯಿಸಿದಳು. ಮಾಡದಿರುವ ಕೆಲಸಗಳ ಪಟ್ಟಿ ಅದು. ಇಂಜೆಕ್ಷನ್ ಕೊಡುವುದಿಲ್ಲ. ವೈದ್ಯರು ಬರೆದುಕೊಡದ ಮಾತ್ರೆ ಕೊಡುವುದಿಲ್ಲ. ಹಟ್ಟಿಯ ಕೆಲಸ ಇಲ್ಲ. ಬೆಳಿಗ್ಗೆ ಆರೂವರೆಗೆ ಹೊರಡಬೇಕು. ಏನು ಮಾಡುತ್ತೇನೆಂದು ಹೇಳಿದಷ್ಟೇ ಏನು ಮಾಡುವುದಿಲ್ಲವೆಂದು ಹೇಳುವುದೂ ದರದ ಭಾಗ. ಇಲ್ಲವಾದರೆ ಆರು ತಿಂಗಳಲ್ಲಿ ಅದೇ ದುಡ್ಡಿಗೆ ದನದ ಹಾಲು ಕರೆಯುವುದೂ ಸೇರಿಕೊಳ್ಳುತ್ತದೆ.

ಇಂಜಿನಿಯರು ರಜೆಯಲ್ಲಿ ಊರಿಗೆ ಬಂದಿದ್ದರು. ಕೆಟ್ಟ ಮನುಷ್ಯರಲ್ಲ. ದಿನವೂ ತಾಯಿಗೆ ಫೋನು ಮಾಡುವವರು. ಹಾಳೆಯನ್ನು ನೋಡಿ ಅವರ ಹುಬ್ಬು ಮೇಲೇರಿತು.

"ಅಕ್ಕ, ಒಮ್ಮೆಲೇ ದುಪ್ಪಟ್ಟಾ? ಮಲಗ್ಲಿಕ್ಕೆ ತಾನೆ ನೀವು ಬರುವುದು? ಬೇರೆ ಕೆಲಸ ಎಂತ ಉಂಟು?"

"ಏಜೆನ್ಸಿಯಲ್ಲಿ ಕೇಳಿ ನೋಡಿ ಅಣ್ಣ" ಎಂದರು ಅಕ್ಕ ಮೆಲ್ಲನೆ.

ಅವರು ಕೇಳಿಯೂ ನೋಡಿದ್ದರು. ಹಗಲೂ ರಾತ್ರಿಯೂ ಇರುವ ಹೋಂ ನರ್ಸಿಗೆ ತಿಂಗಳಿಗೆ 22,000, ಅದರ ಮೇಲೆ ನೋಂದಣಿ ಶುಲ್ಕ. ಅದರಲ್ಲಿ ಬರುವ ಹುಡುಗಿಯ ಕೈಗೆ ಸೇರುವುದೆಷ್ಟು, ನಡುವಿನವರದೆಷ್ಟು ಎಂದು ಯಾರೂ ಹೇಳಲಿಲ್ಲ. ಸ್ವತಂತ್ರವಾಗಿ ದುಡಿಯುವವರಿಗೆ ನಡುವಿನವರ ಪಾಲು ಉಳಿಯುತ್ತದೆ, ಸರಿ. ಆದರೆ ನಡುವಿನವರು ಹೊರುವ ಹೊಣೆಯೂ ಅವರ ತಲೆಯ ಮೇಲೇ ಬರುತ್ತದೆ. ಮನೆ ಹುಡುಕುವುದು, ದರ ಹೇಳುವುದು, ಬಾಕಿ ಕೇಳುವುದು, ಮಾತು ಕೇಳುವುದು ಎಲ್ಲವೂ.

"ನೋಡುವಾ" ಎಂದರು ಇಂಜಿನಿಯರು. "ಹೇಗೂ ನಾನು ಹತ್ತು ದಿನ ಇದ್ದೇನೆ. ಅಷ್ಟು ದಿನ ನೀವು ಬರುವುದು ಬೇಡ."

ಅಕ್ಕ ಬೀಗದ ಕೈಯನ್ನು ಮೊಳೆಯಿಂದ ತೆಗೆದು ಮೇಜಿನ ಮೇಲಿಟ್ಟು, ನೋಟುಪುಸ್ತಕವನ್ನೂ ಅಲ್ಲೇ ಮರೆತು ಹೊರಟರು. ಆ ರಾತ್ರಿ ಗುಡ್ಡದ ಮನೆಯಲ್ಲಿ ಹುಡುಗಿ ಅಳುಮುಖ ಮಾಡಿ, "ನಾನು ಹೆಚ್ಚು ಬರೆದೆನಾ ಅಮ್ಮ?" ಎಂದು ಕೇಳಿದಳು. ಕಾಲೇಜಿನ ಶುಲ್ಕದ ಕಂತಿಗೆ ಇನ್ನಿದ್ದದ್ದು ಹದಿನೆಂಟು ದಿನ. "ಲೆಕ್ಕ ಸರಿ ಉಂಟಲ್ಲ? ಮತ್ತೆಂತ ಹೆದರಿಕೆ?" ಎಂದರು ಅಕ್ಕ. ಆದರೆ ಮರುದಿನದಿಂದ ಗೆರಸೆ ಹಿಡಿದು ಏಳುನೂರಕ್ಕೆ ನೂರು ಹೆಚ್ಚೇ ಕಟ್ಟಿದರು.

ಜತೆಗಿರುವುದಕ್ಕೆ ದರವಿಡುವ ಸಮಸ್ಯೆ ಬಂಟ್ವಾಳದ ಅಕ್ಕನೊಬ್ಬರದೇ ಅಲ್ಲ. ಜಪಾನಿನಲ್ಲಿ ಶೋಜಿ ಮೊರಿಮೊಟೊ ಎಂಬವರು 2018ರಲ್ಲಿ 'ಏನೂ ಮಾಡದೆ ಜತೆಗಿರುತ್ತೇನೆ' ಎಂದು ಪ್ರಕಟಿಸಿದರು. ಒಂಟಿಯಾಗಿ ಊಟಕ್ಕೆ ಹೋಗಲು ಮುಜುಗರಪಡುವವರು, ರೈಲು ನಿಲ್ದಾಣದಲ್ಲಿ ಕೈಬೀಸಲು ಒಬ್ಬರು ಬೇಕೆನ್ನುವವರು ಅವರನ್ನು ಕರೆದರು. ಮೊದಮೊದಲು ಅವರು ಪಡೆದದ್ದು ದಾರಿ ಖರ್ಚು ಮತ್ತು ಊಟ. ಆಮೇಲೆ ಒಂದು ಭೇಟಿಗೆ ಹತ್ತು ಸಾವಿರ ಯೆನ್ನಿನಂತೆ ದರವಿಟ್ಟರು. ಇನ್ನೂ ಮುಂದೆ, ಎಷ್ಟೆಂಬುದನ್ನು ಕರೆದವರಿಗೇ ಬಿಟ್ಟರು. ಬ್ರಿಟನ್ 2018ರಲ್ಲಿ ಒಂಟಿತನದ ಹೊಣೆಯನ್ನು ಒಬ್ಬ ಮಂತ್ರಿಗೆ ವಹಿಸಿತು. ಮುಂಬಯಿಯಲ್ಲಿ ರತನ್ ಟಾಟಾ ಅವರ ನೆರವಿನಿಂದ, ಹಿರಿಯರ ಜತೆಗೆ ಯುವ ಪದವೀಧರರನ್ನು ಒದಗಿಸುವ ಸಂಸ್ಥೆಯೊಂದು 2022ರಲ್ಲಿ ಆರಂಭವಾಯಿತು. ಜಗತ್ತಿನಲ್ಲಿ ಆರರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ವರದಿ ಮಾಡಿತು. ಜತೆ ಎಂಬುದು ಗಾಳಿಯ ಹಾಗೆ; ಇರುವಷ್ಟು ದಿನ ಅದಕ್ಕೊಂದು ಬೆಲೆಯಿದೆಯೆಂದು ಯಾರಿಗೂ ಹೊಳೆಯುವುದಿಲ್ಲ.

ಇತ್ತ ತೋಟದ ಮನೆಯಲ್ಲಿ ಇಂಜಿನಿಯರು ತಾಯಿಯ ಕೋಣೆಯಲ್ಲೇ ಹಾಸಿಗೆ ಹಾಕಿದರು. ಮೊದಲ ರಾತ್ರಿ ಎರಡು ಸಲ ಎದ್ದರು. ಎರಡನೆಯ ರಾತ್ರಿ ಮೂರು ಸಲ. ಮರುದಿನ ಪೇಟೆಗೆ ಹೋದಾಗ ಪಾಣೆಮಂಗಳೂರಿನ ಹಳೆಯ ಸೇತುವೆಯ ಹತ್ತಿರ ಕಾರು ನಿಲ್ಲಿಸಿ ಇಪ್ಪತ್ತು ನಿಮಿಷ ಕೂತಲ್ಲೇ ನಿದ್ದೆ ಹೊಡೆದರು. ಮೂರನೆಯ ರಾತ್ರಿ ಎರಡು ಗಂಟೆಗೆ ಅಜ್ಜಿ ಎದ್ದು, ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ಆರಂಭಿಸಿದರು, "ಆ ವರ್ಷ ನೆರೆ ಬಂದಾಗ..."

"ಗೊತ್ತುಂಟಮ್ಮ. 1974. ದೋಣಿಯಲ್ಲಿ ಹೋದದ್ದು. ಮಲಗು."

"ದೋಣಿ ಬಂದದ್ದು ಬೆಳಿಗ್ಗೆ" ಎಂದರು ಅಜ್ಜಿ.

ಬಂಟ್ವಾಳ ಪೇಟೆಯೊಳಗೆ ನೇತ್ರಾವತಿ ನುಗ್ಗಿದ ಆ ಮಳೆಗಾಲವನ್ನು ಕಂಡ ಹಿರಿಯರಿಗೆ 1974 ಎಂಬುದು ಇಸವಿಯಲ್ಲ, ಒಂದು ಎತ್ತರ. ಗೋಡೆಯ ಮೇಲೆ ಕೈಯಿಟ್ಟು 'ಇಲ್ಲಿಯವರೆಗೆ' ಎಂದು ತೋರಿಸುತ್ತಾರೆ. ಮಗನಿಗೆ ಆಗ ನಾಲ್ಕು ವರ್ಷ. ಅವರ ನೆನಪಿನಲ್ಲಿದ್ದದ್ದು ದೋಣಿ ಮಾತ್ರ. ದೋಣಿ ಬರುವುದಕ್ಕೆ ಮೊದಲಿನ ರಾತ್ರಿಯ ವಿಷಯ ಅವರು ಕೇಳಿರಲಿಲ್ಲ. ಕೇಳುವಷ್ಟು ಹೊತ್ತು ಕೂತಿರಲಿಲ್ಲ. ಉಪ್ಪರಿಗೆಯಲ್ಲಿ ಚಿಮಣಿ ದೀಪ. ಯಜಮಾನರು ದನಗಳನ್ನು ಗುಡ್ಡಕ್ಕೆ ಅಟ್ಟಲು ಹೋದವರು ಮರಳಿರಲಿಲ್ಲ. ಮಡಿಲಲ್ಲಿ ಜ್ವರದ ಮಗು. ಅರ್ಧ ಗಂಟೆಗೊಮ್ಮೆ ಅಜ್ಜಿ, ಆಗ ಮೂವತ್ತಮೂರರ ಹೆಂಗಸು, ಕತ್ತಲಲ್ಲಿ ಏಣಿಮೆಟ್ಟಿಲಿನ ಕೆಳಗೆ ಕೈ ಚಾಚಿ ನೀರು ಎಷ್ಟನೆಯ ಮೆಟ್ಟಿಲಿಗೆ ಬಂತೆಂದು ಮುಟ್ಟಿ ನೋಡುತ್ತಿದ್ದರು. ಬೆಳಗಿನ ತನಕ ಎಚ್ಚರ.

"ಎಂತ ಮಾಡಿದ್ದು ಅಂತ ಕೇಳಿದರೆ ಎಂತದೂ ಇಲ್ಲ" ಎಂದು ಅಜ್ಜಿ ಮುಗಿಸಿದರು. "ಕೂತಿದ್ದೆ."

ಬೆಳಿಗ್ಗೆ ಇಂಜಿನಿಯರು ಮೇಜಿನ ಮೇಲಿದ್ದ ನೋಟುಪುಸ್ತಕ ತೆರೆದರು. ಯಂತ್ರಗಳ ಲಾಗ್ ಪುಸ್ತಕ ಓದಿ ಪಳಗಿದ ಕಣ್ಣು. '2.10 - ನೆರೆಯ ಕಥೆ' ಎಂಬ ಸಾಲು 26 ರಾತ್ರಿಗಳಲ್ಲಿ ಹತ್ತೊಂಬತ್ತು ಸಲ ಇತ್ತು. ಅಡಿಗೆಯವಳ ಕೈಯಲ್ಲಿ ಹೇಳಿಕಳಿಸಿ ಅಕ್ಕನನ್ನು ಕರೆಯಿಸಿದರು. ಕಣ್ಣು ಕೆಂಪಾಗಿತ್ತು. ಅದು ನಿದ್ದೆಯಿಲ್ಲದ್ದೋ ಬೇರೆಯೋ ಎಂದು ಅಕ್ಕ ಬರೆದಿಡಲಿಲ್ಲ.

"ಮೆಟ್ಟಿಲಿನ ಕಥೆ ನಿಮಗೆ ಹೇಳಿದ್ದಾರಾ?"

"ದಿನಾ ಹೇಳ್ತಾರೆ. ಒಂದೊಂದು ದಿನ ನಾಲ್ಕನೇ ಮೆಟ್ಟಿಲು, ಒಂದೊಂದು ದಿನ ಐದನೆಯದು."

ಇಂಜಿನಿಯರು ಹಾಗೆಂದು ಕರಗಿ ನೀರಾಗಲಿಲ್ಲ. ಚೌಕಾಶಿ ಮಾಡದೆ ಬಿಟ್ಟರೆ ಬಂಟ್ವಾಳದವರಾಗುವುದು ಹೇಗೆ? "ಆರುನೂರು ಹೆಚ್ಚಾಯಿತು ಅಕ್ಕ. ಐನೂರೈವತ್ತು ಕೊಡ್ತೇನೆ. ಆದರೆ ಅಮ್ಮ ಮೂಡುಬಿದಿರೆಗೆ ಹೋದ ದಿನಗಳಿಗೂ, ನಾನು ಬಂದು ಇರುವ ದಿನಗಳಿಗೂ ಅರ್ಧ ಕೊಡ್ತೇನೆ. ನೀವು ಬೇರೆ ಮನೆ ಹಿಡಿಯಬಾರದು. ಮತ್ತೆ ಆ ಸಂಜೆಯ ರಿಕ್ಷಾ ತಪ್ಪಿಸಬೇಡಿ, ಕತ್ತಲಲ್ಲಿ ನಡ್ಕೊಂಡು ಬರುವುದು ಬೇಡ."

ಅಷ್ಟರವರೆಗೆ ಯಾರೂ ಕೇಳದಿದ್ದ ಅಜ್ಜಿ ಒಳಗಿನಿಂದ ಕೂಗಿದರು. "ಜನ ಇರುವುದು ನನ್ನ ಜತೆಗೆ. ರೇಟು ಮಾತಾಡುವುದು ನೀವಿಬ್ಬರು. ನನ್ನ ಅಡಿಕೆ ಮಾರಿದ ದುಡ್ಡು ಉಂಟಲ್ಲ, ಅದರಿಂದ ಕೊಡು. ಮಾರ್ಚಿನಲ್ಲಿ ಅವಳ ಮಗಳಿಗೆ ಪರೀಕ್ಷೆ. ಆಗ ಮಗಳನ್ನೂ ಇಲ್ಲಿಗೇ ಕರ್ಕೊಂಡು ಬರ್ಲಿ. ಉಪ್ಪರಿಗೆಯಲ್ಲಿ ಓದ್ಲಿ, ಅಲ್ಲಿಗೆ ನೀರು ಬರುವುದಿಲ್ಲ."

ಆ ಸಂಜೆ ಹುಡುಗಿ ಹೊಸ ಲೆಕ್ಕ ಹಾಕಿದಳು. ಆರುನೂರರಂತೆ ಇಪ್ಪತ್ತೈದು ರಾತ್ರಿಗೆ ಹದಿನೈದು ಸಾವಿರ. ಐನೂರೈವತ್ತರಂತೆ ಇಪ್ಪತ್ತೈದು ರಾತ್ರಿಗೆ 13,750. ಖಾಲಿ ಐದು ರಾತ್ರಿಗೆ 275ರಂತೆ 1,375. ಒಟ್ಟು 15,125. ಕಡಿಮೆ ಮಾಡಿಸಿದೆನೆಂದು ಅವರು, ಕಡಿಮೆ ಮಾಡಿಕೊಂಡೆನೆಂದು ಇವರು ತಿಳಿದ ದರ ನಿಜದಲ್ಲಿ 125 ರೂಪಾಯಿ ಹೆಚ್ಚಾಗಿತ್ತು. ಅದಕ್ಕಿಂತ ದೊಡ್ಡದು, ಖಾಲಿ ರಾತ್ರಿಯ ಹೆದರಿಕೆಯನ್ನು ಇಬ್ಬರೂ ಹಂಚಿಕೊಂಡಿದ್ದರು. ಒಳ್ಳೆಯ ದರವೆಂದರೆ ಒಬ್ಬರು ಗೆಲ್ಲುವುದಲ್ಲ, ಇಬ್ಬರೂ ನೆಮ್ಮದಿಯಿಂದ ನಿದ್ದೆ ಮಾಡುವುದು. ಇಲ್ಲಿ ಒಬ್ಬರು ಅರೆನಿದ್ದೆ ಎನ್ನಬೇಕಷ್ಟೆ.

"ಅಮ್ಮ, ಒಂದು ಸಾಲು ಬಿಟ್ಟುಹೋಗಿದೆ" ಎಂದಳು ಹುಡುಗಿ ನೋಟುಪುಸ್ತಕ ತಿರುವುತ್ತಾ. "ಕಥೆ ಕೇಳುವುದಕ್ಕೆ ಎಷ್ಟು?"

"ಅದಕ್ಕೆ ಬರೆಯಬೇಡ."

"ಯಾಕೆ? ದಿನಾ ಮುಕ್ಕಾಲು ಗಂಟೆ ಹೋಗ್ತದಲ್ಲ?"

ಅಕ್ಕ ಬುತ್ತಿಯ ಮುಚ್ಚಳ ಬಿಗಿ ಮಾಡಿದರು. "ಬರೆದರೆ ಕೇಳುವಾಗ ಗಡಿಯಾರ ನೋಡಬೇಕಾಗ್ತದೆ."

ಪ್ರೀತಿಗೆ ಬೆಲೆ ಕಟ್ಟಲಾಗದೆಂಬ ಮಾತನ್ನು ನಾವೆಲ್ಲ ಬಲ್ಲೆವು. ದುಡ್ಡು ಕೊಡುವವರ ಬಾಯಲ್ಲಿ ಅದು ಹಲವು ಬಾರಿ ಮಜೂರಿ ಕಡಿಮೆ ಮಾಡುವ ಉಪಾಯವಾಗಿಬಿಡುತ್ತದೆ. ದುಡಿಯುವವರು, ದಾರಿಖರ್ಚನ್ನೂ ನಿದ್ದೆಯನ್ನೂ ನಾಳೆಯನ್ನೂ ಒಂದೊಂದಾಗಿ ಬರೆದು ಕೂಡಿಸಿದ ಮೇಲೆ, ತಾವಾಗಿ ಒಂದು ಸಾಲನ್ನು ಬಿಟ್ಟರೆ ಮಾತ್ರ ಆ ಮಾತಿಗೆ ಅರ್ಥ. ಲೆಕ್ಕ ಸರಿಯಾಗಿದ್ದ ಮನೆಯಲ್ಲೇ ಲೆಕ್ಕದಾಚೆಗಿನದು ಉಳಿಯುತ್ತದೆ.

ಆರೂಕಾಲರ ಬಸ್ಸಿಗೆ ಹೊತ್ತಾಗಿತ್ತು. ಟಾರ್ಚು, ಹೊದಿಕೆ, ಬುತ್ತಿ, ನೋಟುಪುಸ್ತಕ ಚೀಲ ಸೇರಿದವು. ಪಕ್ಕದಲ್ಲಿ ಕೂತವರು ಆ ದಿನವೂ ಕೇಳಿದರು, ಎಂತ ಕೆಲಸವೆಂದು.

"ರಾತ್ರಿ ಒಬ್ಬರ ಜತೆಗೆ ಕೂರುವ ಕೆಲಸ" ಎಂದರು ಅಕ್ಕ, ತಡವರಿಸದೆ.